ಅಪ್ಪ ಓದಿಸುತ್ತೇನೆಂದ ಹುಡುಗ

ಅರವತ್ತೆಂಟನೇ ಇಸವಿಯಲ್ಲಿ ಹಾರನಹಳ್ಳಿಯಿಂದ ಮೈಸೂರಿನ ಕಾಲೇಜಿಗೆ ಸೀಟು ಸಿಕ್ಕಿದ್ದು ನಿಂಗರಾಜು ಒಬ್ಬನಿಗೇ. ದೂರದ ವರಸೆಯಲ್ಲಿ ನನಗೆ ಬಾವನಾಗಬೇಕು. ಸಂತೋಷಪಡುವುದು ಬಿಟ್ಟು, ನಮ್ಮ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದ. ನಾನು ಕಡ್ಡಿಗೆ ಹಸಿ ಎಲೆ ಕಟ್ಟುತ್ತಿದ್ದೆ. ಅವನು ನನ್ನ ಕೈಯನ್ನೇ ನೋಡುತ್ತಿದ್ದ; ನಾನು ತಿರುಗಿದರೆ ಎಲೆ ನೋಡುತ್ತಿದ್ದ.

“ಎಲೇಲೇನೂ ಬರ್ದಿಲ್ಲ ಕಣ ಬಾವ,” ಎಂದೆ. “ಅದೇನು ಯೋಚ್ನೆ?”

“ಓದೋಕೆ ಮೂರು ದಾರಿ ಅವೆ ನೀಲ. ಯಾವ್ದು ಹಿಡೀಲಿ ಗೊತ್ತಾಯ್ತಿಲ್ಲ.”

ಒಂದು ಸರ್ಕಾರದ ಸ್ಕಾಲರ್‌ಶಿಪ್. ಮೊತ್ತ ಚೆನ್ನಾಗಿತ್ತು, ಆದರೆ ಕೈಗೆ ಬರುವುದು ವರ್ಷ ಮುಗಿಯುವಾಗ. ಅಲ್ಲಿಯತನಕ ಗಾಳಿ ಕುಡಿದು ಓದಬೇಕು. ಇನ್ನೊಂದು ಮೈಸೂರಿನ ಉಚಿತ ಹಾಸ್ಟೆಲ್. ಊಟ, ಮಲಗಲು ಜಾಗ ಅವರದು. ಫೀಸು, ಪುಸ್ತಕ ಇವನದು. ಮೂರನೆಯದು ನಮ್ಮಪ್ಪ ನಂಜಣ್ಣ. ಫೀಸು, ರೂಮು, ಬಟ್ಟೆ, ಸೈಕಲ್ಲು, ಎಲ್ಲವೂ. ಬದಲಿಗೆ ನನ್ನನ್ನು ಮದುವೆಯಾಗಬೇಕು. ನಮ್ಮ ಕಡೆ ಹೆಣ್ಣು ಹೆತ್ತವರು ಬುದ್ಧಿವಂತ ಹುಡುಗರನ್ನು ಹೀಗೆ ಓದಿಸಿ ಅಳಿಯ ಮಾಡಿಕೊಳ್ಳುವುದುಂಟು.

“ಕೊಡೋದ್ನ ನೋಡ್ಬ್ಯಾಡ, ತಿರುಗಿ ಏನು ಕೇಳ್ತಾರೆ ಅದ್ನ ನೋಡು,” ಎಂದೆ. “ಹಾಸ್ಟೆಲ್ನೋರು ಏನು ಕೇಳ್ತಾರೆ?”

“ಪಾಸಾಗು ಅಂತಾರೆ.”

“ನಮ್ಮಪ್ಪ?”

ಅವನ ಕಿವಿ ಕೆಂಪಗಾಯಿತು. “ನಿನ್ನ ಕಟ್ಕೊ ಅಂತಾರೆ. ಅದೇನು ಕಷ್ಟ ಅಲ್ಲ ಕಣೆ. ಅವ್ರು ಕೇಳೋಕ್ ಮುಂಚೇನೇ ನಂಗೆ ಆಸೆ ಇತ್ತು.”

ಎದೆ ತುಂಬಿ ಬಂತು. ಹೂಂ ಅಂದುಬಿಡಬಹುದಿತ್ತು. ಆದರೆ ಅಕ್ಕನ ಗಂಡ ನೆನಪಾದ. ಅವನನ್ನೂ ಅಪ್ಪನೇ ಓದಿಸಿದ್ದು. ಊಟಕ್ಕೆ ಕೂತಾಗಲೆಲ್ಲ ಅಪ್ಪ, “ನಾನು ಓದಿಸ್ದೆ ಇದ್ದಿದ್ರೆ ಇವ್ನು ದನ ಕಾಯ್ತಿದ್ದ,” ಎನ್ನುತ್ತಿದ್ದರು. ಅವನು ತಲೆ ಎತ್ತುತ್ತಿರಲಿಲ್ಲ. ಮನೆಗೆ ಹೋದ ಮೇಲೆ ಅಕ್ಕನ ಜೊತೆ ಮಾತಾಡುತ್ತಿರಲಿಲ್ಲ.

“ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು ಎರಡೂ ಸೇರಿಸ್ಕೊ,” ಎಂದೆ. “ದುಡ್ಡು ಬರೋಗಂಟ ಹುಡುಗ್ರಿಗೆ ಪಾಠ ಹೇಳ್ಕೊಡು. ನಮ್ಮಪ್ಪನ್ ಹತ್ರ ಬ್ಯಾಡ ಅನ್ನು.”

“ಬ್ಯಾಡ ಅಂದ್ರೆ ನಿನ್ನ ಕೆ.ಆರ್. ನಗರದ ಹುಡುಗನ್ಗೆ ಕೊಡ್ತಾರಂತೆ.”

“ಗೊತ್ತು.”

“ಗೊತ್ತಿದ್ದೂ ಹಿಂಗಂತೀಯಾ?”

“ನೀನು ತಲೆ ತಗ್ಗಿಸ್ಕೊಂಡು ಬದುಕೋದ್ನ ನಾನು ನೋಡ್ನಾರೆ. ನೀನಂದ್ರೆ ನಂಗಿಷ್ಟ ಕಣ. ಅದ್ಕೇ.”

ಅವನು ಎದ್ದುಹೋದ. ಸಂಜೆ ಅಪ್ಪನಿಗೆ ಬೇಡ ಎಂದನಂತೆ.

ಮೈಸೂರಿಗೆ ಹೊರಟ ದಿನ ಬ್ಯಾರನ್ ಕಡೆಗೇ ಸುತ್ತು ಹಾಕಿ ಬಂದ. ಬಿಳಿ ಅಂಗಿ ಹಾಕಿದ್ದ. ದಾರ ಅಂಟಿದೆ ಎಂಬ ನೆಪದಲ್ಲಿ ತೋಳು ಮುಟ್ಟಿದೆ. ಸೊಪ್ಪಿನ ಅಂಟು ಅಲ್ಲಿ ನನ್ನ ಬೆರಳಿನ ಗುರುತು ಬಿಟ್ಟಿತು. ಅವನು ಒರೆಸಿಕೊಳ್ಳಲಿಲ್ಲ.

“ನಿಮ್ಮಪ್ಪ ನನ್ನ ಕೇಳಿದ್ರು. ನಾನು ನಿನ್ನ ಕೇಳ್ತೀನಿ ನೀಲ. ಓದು ಮುಗಿಯೋಗಂಟ ಕಾಯ್ತೀಯಾ?”

“ನಾನು ಕಾಯ್ತೀನಿ. ಅಪ್ಪ ಕಾಯಾಕಿಲ್ಲ.”

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು. “ಹೋಗು,” ಎಂದೆ. ಅವನು ಓಡಿದ.

ಮುಂದಿನ ಸೋಮವಾರ ಕೆ.ಆರ್. ನಗರದವರು ಬಂದರು. ಅಪ್ಪ ಹುಡುಗನಿಗೆ ಒಪ್ಪಿಗೆಯೇ ಎಂದು ಕೇಳಿದರು, ಅವನ ತಂದೆಯನ್ನು ಕೇಳಿದರು, ಶಾಸ್ತ್ರ ಹೇಳುವವರನ್ನೂ ಕೇಳಿದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ನನ್ನನ್ನು ಕೇಳಿದ್ದವನು ಒಬ್ಬನೇ. ಅವನನ್ನು ನಾನೇ ಬಸ್ ಹತ್ತಿಸಿದ್ದೆ.