ಯಾರೂ ಓದದ ನಡುವಿನ ಫೈಲು

2024ರ ಮಾರ್ಚ್ 4, ಸೋಮವಾರ. ಬೆಳಿಗ್ಗೆ 9.10ಕ್ಕೆ ಕಾರ್ಲಾ ಬಿಟ್ಸ್ ಕಾರ್ವೆಲ್ ಪೊಲೀಸ್ ಠಾಣೆಗೆ ಬಂದಳು. ಬೂಟಿಗೆ ಮೆತ್ತಿದ ಹಿಮ ಕೊಡವುವಷ್ಟು ತಾಳ್ಮೆಯೂ ಅವಳಿಗೆ ಇರಲಿಲ್ಲ. ಡಿಟೆಕ್ಟಿವ್ ಗ್ಲೆನ್ ಓಸ್ಟ್‌ಬಿ ಆಗತಾನೇ ಕಾಫಿ ಲೋಟ ಕೈಗೆತ್ತಿಕೊಂಡಿದ್ದ.

"ನನ್ನ ಗಂಡನ ಕೇಸು ಮುಚ್ಚಿದ್ದೀರಂತೆ. ತೆಗೀರಿ," ಅಂದಳು.

ಆ ಕೇಸು ಊರಿಗೆಲ್ಲ ಗೊತ್ತಿತ್ತು. ಫೆಬ್ರವರಿ 12ರ ಬೆಳಿಗ್ಗೆ 8.05ಕ್ಕೆ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸಲು ನಿಂತಿದ್ದ ಡುವೇನ್ ಬಿಟ್ಸ್‌ಗೆ ಎಮಿಲ್ ವೆಂಟ್ಸ್ ಎಂಬ ಎಂಬತ್ನಾಲ್ಕರ ಮುದುಕ ಪಿಕಪ್ ಗಾಡಿ ಗುದ್ದಿಸಿದ್ದ. ಮಕ್ಕಳು ಇನ್ನೂ ರಸ್ತೆಗೆ ಇಳಿದಿರಲಿಲ್ಲ, ದೇವರು ದೊಡ್ಡವನು. ಡುವೇನ್‌ನ ಬಲಗಾಲನ್ನು ಮಾತ್ರ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಸಂಚಾರ ವಿಭಾಗದವರು ಅಪಘಾತ ಅಂತ ಬರೆದು, ದಂಡ ಹಾಕಿ, ಕೈತೊಳೆದುಕೊಂಡಿದ್ದರು.

"ಮುದುಕನ ಮೇಲೆ ನಂಗೆ ಸಿಟ್ಟಿಲ್ಲ ಸಾರ್. ಆಸ್ಪತ್ರೆಗೆ ಬಂದು ಮಗು ಥರ ಅತ್ತ. ಆದ್ರೆ ನನ್ನ ಗಂಡನ್ನ ಅವನು ನೋಡಲೇ ಇಲ್ವಂತೆ. ಕಿತ್ತಳೆ ಬಣ್ಣದ ಜಾಕೆಟ್ಟು, ಕೈಯಲ್ಲಿ ಕೆಂಪು ಫಲಕ. ಅಷ್ಟೂ ಕಾಣದವನ ಹತ್ರ ಲೈಸೆನ್ಸ್ ಹೇಗಿತ್ತು?"

"ವಯಸ್ಸಾದವರಿಗೆ ಕಣ್ಣು ಪರೀಕ್ಷೆ ಇದೆಯಲ್ಲಮ್ಮ."

"ಅದನ್ನೇ ಹೇಳ್ತಿರೋದು! ನಮ್ಮಪ್ಪನಿಗೆ ಎಪ್ಪತ್ತೊಂಬತ್ತು. ಎಪ್ಪತ್ತಾರು ತುಂಬಿದ ಮೇಲೆ ಎರಡು ಸಲ ಪತ್ರ ಬಂದಿದೆ, ಎರಡು ಸಲ ಹೋಗಿ ಬಂದಿದ್ದಾನೆ. ಈ ಎಮಿಲ್‌ಗೆ ಒಂದು ಸಲಾನೂ ಬಂದಿಲ್ಲ. ಅವನೇ ಹೇಳ್ದ. ಯಾರೋ ಬೇಕಂತ ಬಿಟ್ಟಿದ್ದಾರೆ. ಯಾರು ಅಂತ ನಂಗೆ ಗೊತ್ತಾಗ್ಬೇಕು, ಅಷ್ಟೇ."

9.50ಕ್ಕೆ ದೂರು ದಾಖಲಾಯಿತು. ಓಸ್ಟ್‌ಬಿ ಪೇದೆ ಟೀನಾ ಅಜೂರ್‌ಳನ್ನು ಕರೆದುಕೊಂಡು ಮೊದಲು ಎಮಿಲ್‌ನ ಮನೆಗೆ ಹೋದ. ಊರಿಂದ ಹನ್ನೊಂದು ಮೈಲಿ. ನಮ್ಮ ಬಯಲಲ್ಲಿ ಬಸ್ಸು ಎಲ್ಲಿ ಅಂತ ಕೇಳಿದರೆ ಜನ ನಗುತ್ತಾರೆ. ಲೈಸೆನ್ಸ್ ಕಿತ್ತುಕೊಳ್ಳುವುದೂ ಒಂದೇ, ಹೊರಗಿಂದ ಬಾಗಿಲಿಗೆ ಚಿಲಕ ಹಾಕುವುದೂ ಒಂದೇ.

ಎಮಿಲ್ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಪಿಕಪ್ ಗಾಡಿಯನ್ನು ಪೊಲೀಸರು ಒಯ್ದಿದ್ದರಿಂದ ಅಂಗಳ ಖಾಲಿ ಇತ್ತು. ಹೆಚ್ಚು ಮಾತಾಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಒಂದು ಲಕೋಟೆಯನ್ನು ಟೀನಾಳ ಕಡೆ ತಳ್ಳಿದ.

"ಶನಿವಾರ ಬಂತು. ಏನಿದೆ ಓದು ಮಗಾ. ಅಕ್ಷರ ಸಣ್ಣದು."

ಅಕ್ಷರ ಸಣ್ಣದೇನಿರಲಿಲ್ಲ. ಟೀನಾ ಓದಿದಳು. ರಾಜ್ಯದ ಲೈಸೆನ್ಸ್ ಕಚೇರಿಯ ಪತ್ರ, ಫೆಬ್ರವರಿ 26ರ ತಾರೀಖು. ಮೂವತ್ತು ದಿನದೊಳಗೆ ಕಣ್ಣು ಪರೀಕ್ಷೆಗೆ ಹಾಜರಾಗತಕ್ಕದ್ದು.

"ಹಿಂದೆ ಬಂದಿತ್ತಾ ಅಜ್ಜ, ಇಂಥದ್ದು?"

"ಇದೇ ಮೊದಲು."

ಕಾರಿನಲ್ಲಿ ವಾಪಸು ಬರುವಾಗ ಓಸ್ಟ್‌ಬಿ ಪತ್ರದ ತಾರೀಖನ್ನು ಟೀನಾಳಿಂದ ಇನ್ನೊಮ್ಮೆ ಕೇಳಿಕೊಂಡ. ಆಮೇಲೆ, "ಎಂಟು ವರ್ಷ ಮರೆತವರಿಗೆ ಈಗ ಹೇಗೆ ನೆನಪಾಯ್ತು?" ಅಂದ.

"ಅಪಘಾತ ಆಯ್ತಲ್ಲ ಸಾರ್, ಎಚ್ಚೆತ್ತುಕೊಂಡಿರ್ತಾರೆ."

"ಸರ್ಕಾರಿ ಕಚೇರಿ ಎರಡು ವಾರದಲ್ಲಿ ಎಚ್ಚೆತ್ತುಕೊಂಡಿದ್ದನ್ನ ನಾನಂತೂ ಇಪ್ಪತ್ತೇಳು ವರ್ಷದಲ್ಲಿ ನೋಡಿಲ್ಲ."

ಮಧ್ಯಾಹ್ನ 2.00, ಲೈಸೆನ್ಸ್ ಕಚೇರಿ. ಅಲ್ಲಿನ ಮುಖ್ಯಸ್ಥ ವರ್ನ್ ಸ್ಟೈನ್ ಬಾಗಿಲಲ್ಲೇ ಕೈ ಅಲ್ಲಾಡಿಸಿಬಿಟ್ಟ. ಪತ್ರ ಯಾರಿಗೆ ಹೋಗಬೇಕು ಅನ್ನುವುದನ್ನು ತಿಂಗಳಿಗೊಮ್ಮೆ ಪ್ರೋಗ್ರಾಂ ತೀರ್ಮಾನಿಸುತ್ತದೆ, ಮನುಷ್ಯರ ಕೈ ಅದರಲ್ಲಿ ಇಲ್ಲವೇ ಇಲ್ಲ ಅಂದ. ಪ್ರೋಗ್ರಾಂ ನೋಡಿಕೊಳ್ಳುವವಳನ್ನು ಕರೆಸಿದ. ಲೋರ್ನಾ ಕೆಟರ್ಲಿಂಗ್, ಐವತ್ತೆಂಟು ವರ್ಷ, ಬೂದುಬಣ್ಣದ ಸ್ವೆಟರು. ಒಂದು ದಪ್ಪ ಕಟ್ಟು ಹೊತ್ತುಕೊಂಡೇ ಬಂದಳು.

"ಇದು ಪ್ರೋಗ್ರಾಮಿನ ಮೂಲ ಪ್ರತಿ, ನಾವು ಕೈಯಾರೆ ಬರೆದಿದ್ದು," ಅಂದಳು. "2010ರಿಂದ ಒಂದಕ್ಷರ ಬದಲಾಗಿಲ್ಲ. ಬದಲಾಯಿಸಬೇಕಂದ್ರೆ ಇಬ್ಬರ ಸಹಿ ಬೇಕು. ಪ್ರತಿ ವರ್ಷ ತಪಾಸಣೆಯವರು ಬಂದು ಸಾಲುಸಾಲಾಗಿ ತಾಳೆ ನೋಡ್ತಾರೆ."

ಓಸ್ಟ್‌ಬಿ ಪುಟ ತಿರುವಿದ. ತಲೆಬುಡ ತಿಳಿಯಲಿಲ್ಲ.

"ನಂಗೆ ದಡ್ಡನಿಗೆ ಹೇಳೋ ಹಾಗೆ ಹೇಳಿ."

"ಹೇಳಿ ಮೇಡಂ, ನಮ್ಮ ಸಾರ್‌ಗೆ ಕಾಫಿ ಮೆಷಿನ್ನೇ ಎರಡು ಸಲ ಹೇಳ್ಕೊಡ್ಬೇಕು," ಅಂದಳು ಟೀನಾ.

ಲೋರ್ನಾ ಸಣ್ಣಗೆ ನಕ್ಕಳು. "ಇದು ಸಿ ಭಾಷೆಯ ಪ್ರೋಗ್ರಾಂ. ನಡುನಡುವೆ, ಲೈಸೆನ್ಸ್ ದಾಖಲೆ ಎಲ್ಲ ಇರೋ ಡೇಟಾಬೇಸಿಗೆ ಕೇಳೋ ಪ್ರಶ್ನೆಗಳನ್ನ ಸೇರಿಸಿರ್ತೀವಿ. ಎಪ್ಪತ್ತಾರು ತುಂಬಿದವರು ಯಾರು, ಅವರಲ್ಲಿ ಎರಡು ವರ್ಷದಿಂದ ಕಣ್ಣು ಪರೀಕ್ಷೆ ಆಗದವರು ಯಾರು, ಹೀಗೆ. ಕಂಪೈಲರ್‌ಗೆ ಅಂದ್ರೆ ಯಂತ್ರದ ಭಾಷೆಗೆ ತಿರುಗಿಸೋದಕ್ಕೆ, ಸಿ ಭಾಷೆ ಗೊತ್ತು, ಈ ಪ್ರಶ್ನೆಗಳು ಗೊತ್ತಾಗಲ್ಲ. ಅದಕ್ಕೇ ಮೊದಲು ಪ್ರೀಕಂಪೈಲರ್ ಅಂತ ಇನ್ನೊಂದನ್ನ ಓಡಿಸ್ತೀವಿ. ಅದು ಮೂಲವನ್ನ ಓದಿ, ಪ್ರಶ್ನೆ ಇದ್ದ ಕಡೆಯೆಲ್ಲ ಅದನ್ನ ಡೇಟಾಬೇಸಿಗೆ ಕಳಿಸೋ ಸಿ ಸಾಲುಗಳನ್ನ ತುಂಬಿ, ಬೇರೆ ಫೈಲು ಬರೆಯುತ್ತೆ. ಕಂಪೈಲರ್‌ಗೆ ಕೊಡೋದು ಆ ಫೈಲನ್ನ."

"ಆ ನಡುವಿನ ಫೈಲನ್ನ ತಪಾಸಣೆಯವರು ನೋಡ್ತಾರಾ?"

"ಇಲ್ಲ. ಅದನ್ನ ಯಾರೂ ಓದಲ್ಲ. ಮೂಲಕ್ಕಿಂತ ನಾಲ್ಕರಷ್ಟು ಉದ್ದ, ಕಣ್ಣಲ್ಲಿ ನೋಡಕ್ಕಾಗಲ್ಲ. ಕೆಲಸ ಮುಗಿದ ಮೇಲೆ ಅಳಿಸಿಬಿಡ್ತೀವಿ."

"ಫೆಬ್ರವರಿ ಪಟ್ಟಿಗೆ ಮುಂಚೆ ಏನಾದ್ರೂ ಬದಲಾಯ್ತಾ?"

"ಹೊಸ ಮೆಷಿನ್‌ಗೆ ಹೋದ್ವಿ. ಫೆಬ್ರವರಿ 20ಕ್ಕೆ. ಎಲ್ಲ ಪ್ರೋಗ್ರಾಮನ್ನೂ ಮೂಲದಿಂದ ಮತ್ತೆ ತಯಾರಿಸಿದ್ರು, ಗುತ್ತಿಗೆಯವರು."

ಓಸ್ಟ್‌ಬಿ ತಲೆಯೆತ್ತಿದ. "ಎಮಿಲ್ ವೆಂಟ್ಸ್ ಅನ್ನೋರು ಗೊತ್ತಾ ನಿಮಗೆ?"

"ನಮ್ಮಪ್ಪ," ಅಂದಳು ಲೋರ್ನಾ.

ಟೀನಾಳ ಪೆನ್ನು ನಿಂತಿತು. ವರ್ನ್ ಸ್ಟೈನ್‌ನ ಮುಖ ಕೆಂಪೇರಿತು. "ಇವರು ಮೂವತ್ತು ವರ್ಷದ ನೌಕರಿಯವರು ರೀ! ಮೂಲ ನಿಮ್ಮ ಕೈಲೇ ಇದೆ, ತೋರಿಸಿ ಎಲ್ಲಿ ತಪ್ಪಿದೆ ಅಂತ!"

ತೋರಿಸಲು ಏನೂ ಇರಲಿಲ್ಲ. ಮರುದಿನ ಸರ್ಕಾರಿ ವಕೀಲರೂ ಅದನ್ನೇ ಅಂದರು. ಮಗಳು ಅಲ್ಲಿ ಕೆಲಸ ಮಾಡುತ್ತಾಳೆ ಅನ್ನುವುದು ಅಪರಾಧವಲ್ಲ. ಕಾಗದ ಶುದ್ಧವಾಗಿದೆ. ಹೋಗಿ ಬೇರೆ ಏನಾದರೂ ತನ್ನಿ.

ಟೀನಾಗೆ ಬೆಳಿಗ್ಗೆಯಿಂದ ಒಂದೇ ಮಾತು ಕೊರೆಯುತ್ತಿತ್ತು. "ಸಾರ್, ಹೊಸದನ್ನ ಮೂಲದಿಂದ ಮಾಡಿದ್ರು, ಅದು ಸರಿಯಾಗಿ ಅಜ್ಜನ್ನ ಹಿಡೀತು. ಅಂದ್ರೆ ಹಳೇದು ಆ ಮೂಲದಿಂದ ಆಗಿದ್ದಲ್ಲ. ಹಳೇ ಮೆಷಿನ್ ಏನಾಯ್ತು?"

ಹಳೇ ಮೆಷಿನ್ ಕಚೇರಿಯ ಉಗ್ರಾಣದಲ್ಲಿತ್ತು, ಗುಜರಿಯವನಿಗೆ ಕಾಯುತ್ತಾ. ಅವನು ಬರುವುದು ಗುರುವಾರ. ಓಸ್ಟ್‌ಬಿ ಬುಧವಾರ, ಮಾರ್ಚ್ 6ರಂದು, ವಾರಂಟು ತಂದ. 11.25ಕ್ಕೆ ಕಚೇರಿಯ ಇಬ್ಬರು ನೌಕರರನ್ನು ಸಾಕ್ಷಿಯಾಗಿ ನಿಲ್ಲಿಸಿಕೊಂಡು ಜಪ್ತಿ ಪಂಚನಾಮೆ ಬರೆಸಿದ. ಹೊರಗೆ ಹೊತ್ತೊಯ್ಯುವಾಗ ಲೋರ್ನಾ ತನ್ನ ಮೇಜಿನಿಂದ ನೋಡುತ್ತಿದ್ದಳು. ಎದ್ದು ಬಂದು ಬಾಗಿಲು ಹಿಡಿದು ನಿಂತಳು, ಅವರಿಗೆ ದಾರಿಯಾಗಲಿ ಅಂತ.

ಮಾರ್ಚ್ 11ರಂದು ರಾಜ್ಯದ ಅಪರಾಧ ಪ್ರಯೋಗಾಲಯದ ಮಾರ್ಗಿ ಡ್ವೋರಾಕ್ ಅವರಿಬ್ಬರನ್ನೂ ಕರೆಸಿಕೊಂಡಳು. ಆಕೆ ಮಾತಿನ ಮಲ್ಲಿ, ಆದರೆ ಕೆಲಸದಲ್ಲಿ ಎತ್ತಿದ ಕೈ.

"ಕಂಪೈಲ್ ಆದ ಪ್ರೋಗ್ರಾಂ ಅಂದ್ರೆ ಬರೀ ಯಂತ್ರದ ಭಾಷೆ, ಓದಕ್ಕಾಗಲ್ಲ. ಒಪ್ಪಿದೆ. ಆದ್ರೆ ಡೇಟಾಬೇಸಿಗೆ ಕೇಳೋ ಪ್ರಶ್ನೆ ಇದೆಯಲ್ಲ, ಅದು ಹಾಗೇ ಅಕ್ಷರದಲ್ಲೇ ಒಳಗೆ ಉಳ್ಕೊಂಡಿರುತ್ತೆ. ಓಡೋವಾಗ ಅದನ್ನ ಡೇಟಾಬೇಸಿಗೆ ಓದಿ ಹೇಳ್ಬೇಕಲ್ಲ! ಸೋಸಿ ತೆಗೆದೆ. ನೋಡಿ."

ಹಾಳೆಯ ಮೇಲೆ ಪ್ರಶ್ನೆ ಇತ್ತು. ಎಪ್ಪತ್ತಾರು ತುಂಬಿದವರು, ಎರಡು ವರ್ಷದಿಂದ ಪರೀಕ್ಷೆ ಆಗದವರು. ಮೂಲದಲ್ಲಿ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಇನ್ನೊಂದು ಸಾಲಿತ್ತು: ಲೈಸೆನ್ಸ್ ಸಂಖ್ಯೆ ಇಂಥದ್ದು ಅಲ್ಲದವರು. ಟೀನಾ ತನ್ನ ಪುಸ್ತಕ ತೆಗೆದು ಸಂಖ್ಯೆಯನ್ನು ಒಂದೊಂದಾಗಿ ಹೋಲಿಸಿದಳು. ಎಮಿಲ್ ವೆಂಟ್ಸ್.

"ಮೂಲ ಮುಟ್ಟಿಲ್ಲ," ಅಂದಳು ಮಾರ್ಗಿ. "ಪ್ರೀಕಂಪೈಲರ್ ಬರೆದ ಫೈಲನ್ನ ಕೈಯಲ್ಲಿ ತಿದ್ದಿ, ಅದನ್ನ ಕಂಪೈಲ್ ಮಾಡಿ, ಅಳಿಸಿದ್ದಾರೆ. ತಪಾಸಣೆಯವರು ನೂರು ವರ್ಷ ತಾಳೆ ನೋಡಿದ್ರೂ ಸಿಗ್ತಿರಲಿಲ್ಲ."

"ಯಾರು?"

"ಅದೇ ತಮಾಷೆ. ಪ್ರೀಕಂಪೈಲರ್‌ಗೆ ಒಂದು ಚಾಳಿ. ತಾನು ಓದಿದ ಮೂಲದ ಹೆಸರನ್ನ, ಅದು ಎಲ್ಲಿತ್ತು ಅನ್ನೋದರ ಸಮೇತ, ನಡುವಿನ ಫೈಲಲ್ಲಿ ತಾನೇ ಬರೆದಿಡುತ್ತೆ. ಅದೂ ಪ್ರೋಗ್ರಾಂ ಒಳಗೆ ಹೋಗಿಬಿಡುತ್ತೆ. ಕಚೇರಿಯಲ್ಲಿ ಎಲ್ಲರೂ ಬಳಸೋ ಫೋಲ್ಡರಿನ ಹೆಸರು ಇರಬೇಕಿತ್ತು. ಇಲ್ಲಿರೋದು ಲೋರ್ನಾ ಕೆಟರ್ಲಿಂಗ್ ಅವರ ಖಾಸಗಿ ಫೋಲ್ಡರಿನದ್ದು. ತಯಾರಾಗಿದ್ದು 2015ರ ಅಕ್ಟೋಬರ್ 9, ಶುಕ್ರವಾರ, ಮಧ್ಯಾಹ್ನ 12.20."

ಅವತ್ತು ಅವಳು ಕಚೇರಿಯಲ್ಲಿದ್ದಳೇ ಎಂದು ಹಾಜರಿ ತೆಗೆಸಿದರು. ಇದ್ದಳು. ನಾಲ್ಕು ದಿನದ ರಜೆಯ ನಂತರ ಅವತ್ತೇ ಕೆಲಸಕ್ಕೆ ಬಂದಿದ್ದಳು. ರಜೆಯ ಕಾರಣ ಅಂತ ಇರುವ ಕಡೆ, ತಾಯಿಯ ಅಂತ್ಯಕ್ರಿಯೆ ಅಂತ ಬರೆದಿತ್ತು.

ಮಾರ್ಚ್ 14, ಗುರುವಾರ. ಬೆಳಿಗ್ಗೆ 10.00ಕ್ಕೆ ಓಸ್ಟ್‌ಬಿ ಎಮಿಲ್‌ನ ಮನೆಗೆ ಹೋಗಿ ಸಹಿಸಮೇತ ಹೇಳಿಕೆ ಬರೆಸಿಕೊಂಡ. ಅಲ್ಲಿಂದ ಹೊರಬಂದವನು ಕಾರಿನ ಕೀಲಿಯನ್ನು ಟೀನಾಳ ಕೈಗಿಟ್ಟ; ವಾಪಸು ಅವಳೇ ಓಡಿಸಿದಳು. ಮಧ್ಯಾಹ್ನ 1.15ಕ್ಕೆ ಸರ್ಕಾರಿ ದಾಖಲೆಯ ವ್ಯವಸ್ಥೆ ತಿದ್ದಿದ ಆರೋಪದ ಮೇಲೆ ಲೋರ್ನಾ ಕೆಟರ್ಲಿಂಗ್‌ಳನ್ನು ಬಂಧಿಸಲಾಯಿತು. ಅವಳು ಸ್ವೆಟರಿನ ಗುಂಡಿ ಹಾಕಿಕೊಂಡು, ಕಂಪ್ಯೂಟರ್ ಆರಿಸಿ, ಎದ್ದಳು. ಠಾಣೆಯಲ್ಲಿ, ವಕೀಲರು ಬರುವವರೆಗೆ ಸುಮ್ಮನಿರಬಹುದು ಅಂತ ಹೇಳಿದರೂ ಸುಮ್ಮನಿರಲಿಲ್ಲ.

"ಪ್ರೀಕಂಪೈಲರ್ ಹೆಸರು ಬರೆದಿಡುತ್ತೆ ಅನ್ನೋದನ್ನೇ ಮರೆತುಬಿಟ್ಟಿದ್ದೆ," ಅಂದಳು. "ಹೊಸಬರಿಗೆಲ್ಲ ನಾನೇ ಪಾಠ ಹೇಳ್ತೀನಿ. ನಡುವಿನ ಫೈಲನ್ನ ಕೈಯಲ್ಲಿ ತಿದ್ದಬೇಡಿ, ಮೂಲದಿಂದ ಮತ್ತೆ ಮಾಡಿದ ದಿನ ಎಲ್ಲ ಹೋಗಿಬಿಡುತ್ತೆ ಅಂತ."

"ಯಾಕೆ ಮಾಡಿದ್ರಿ?"

"ಅಮ್ಮನ ಕಾರಿನ ಕೀಲಿ ಕಿತ್ಕೊಂಡಿದ್ದು ನಾನು. ಸರ್ಕಾರ ಅಲ್ಲ, ನಾನೇ. ಆ ವರ್ಷ ಫೆಬ್ರವರಿಲಿ ಕೀಲಿ ತಗೊಂಡೆ. ಅವತ್ತಿಂದ ಚರ್ಚಿಲ್ಲ, ಗೆಳತಿಯರಿಲ್ಲ, ಕಿಟಕಿ ಹತ್ರ ಕೂತ್ಲು. ಅಕ್ಟೋಬರಿಗೆ ಹೋದ್ಲು. ಕಾಯಿಲೆ ಏನೂ ಇರಲಿಲ್ಲ. ಕೊನೇ ತಿಂಗಳು ನನ್ನ ಜೊತೆ ಮಾತೂ ಬಿಟ್ಟಿದ್ಲು. ಮಣ್ಣು ಮಾಡಿ ಕೆಲಸಕ್ಕೆ ಬಂದ್ರೆ, ಮೇಜಿನ ಮೇಲೆ ಆ ತಿಂಗಳ ಪಟ್ಟಿ. ಅಪ್ಪನ ಹೆಸರು ಅದರಲ್ಲಿ. ಅಪ್ಪನ ಕಣ್ಣು ಆಗ ಚೆನ್ನಾಗೇ ಇತ್ತು, ನಿಜ ಹೇಳ್ತೀನಿ. ಒಂದು ಸಲ ಬಿಡೋಣ ಅಂದ್ಕೊಂಡೆ."

"ಆಮೇಲೆ ಮಂಜಾಯ್ತಲ್ಲ."

"ಆಯ್ತು. ಗೊತ್ತಾಯ್ತು. ಹೇಳಕ್ಕೆ ಎಷ್ಟೋ ಸಲ ಹೋದೆ, ಕಾಫಿ ಕುಡಿದು ವಾಪಸು ಬಂದೆ. ಹೊಸ ಮೆಷಿನ್ ಬರುತ್ತೆ ಅಂದಾಗ ನಿರಾಳ ಆಯ್ತು. ಮೂಲದಿಂದ ಮಾಡ್ತಾರೆ, ನನ್ನ ಸಾಲು ಹೋಗುತ್ತೆ, ಪತ್ರ ತಾನಾಗೇ ಬರುತ್ತೆ. ನಾನು ಬಾಯಿ ಬಿಡೋದೇ ಬೇಡ. ಜನವರಿ 8ಕ್ಕೆ ಅಂತ ಇತ್ತು. ಗುತ್ತಿಗೆಯವರು ಮುಂದಕ್ಕೆ ಹಾಕಿದ್ರು." ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. "ಡುವೇನ್ ನನ್ನ ಮಕ್ಕಳನ್ನೂ ಆ ರಸ್ತೆ ದಾಟಿಸಿದೋನು ಸಾರ್."

ಓಸ್ಟ್‌ಬಿ ಕಡತದಿಂದ ಒಂದು ಹಾಳೆ ತೆಗೆದ. ತೋರಿಸಲೋ ಬೇಡವೋ ಅಂತ ಅವನು ಕಾರಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ್ದ. ಇವತ್ತಲ್ಲ ನಾಳೆ ನ್ಯಾಯಾಲಯದಲ್ಲಿ ಎಲ್ಲರ ಮುಂದೆ ಕೇಳುವುದಕ್ಕಿಂತ ಇಲ್ಲೇ ಲೇಸು.

"ಬೆಳಿಗ್ಗೆ ನಿಮ್ಮಪ್ಪ ಬರೆಸಿದ್ದು," ಅಂದು ಓದಿದ.

"ಕಣ್ಣು ಮಂಜಾಗಿ ನಾಲ್ಕು ವರ್ಷ ಆಯ್ತು. ದಿನಾ ಅಂಚೆ ಡಬ್ಬಿ ನೋಡ್ತಿದ್ದೆ. ಪತ್ರ ಬಂದ ದಿನ ಕೀಲಿ ಒಪ್ಪಿಸಿ ಕೂತ್ಕೊಳ್ಳೋಣ ಅಂತ ಮನಸ್ಸು ಮಾಡಿದ್ದೆ. ಬರಲೇ ಇಲ್ಲ. ಸರ್ಕಾರ ಕರೀಲಿಲ್ಲ ಅಂದ್ಮೇಲೆ ಇನ್ನೂ ಓಡಿಸಬಹುದು ಅಂತಲೇ ಅಂದ್ಕೊಂಡೆ. ನನ್ನ ಮಗಳು ಅದೇ ಕಚೇರಿಲಿ ಇದಾಳೆ. ಏನಾದ್ರೂ ಹೆಚ್ಚುಕಮ್ಮಿ ಇದ್ರೆ ಅವಳೇ ಹೇಳ್ತಿದ್ಲು."

ಲೋರ್ನಾ ಹಾಳೆ ಕೇಳಿ ಇಸಕೊಂಡು ತಾನೇ ಓದಿದಳು. ಕೆಳಗಿದ್ದ ಸಹಿ ಗೆರೆ ತಪ್ಪಿ ಎಲ್ಲೋ ಇಳಿದಿತ್ತು. ಅವಳು ಅಳು ಹಿಡಿದುಕೊಳ್ಳಲು ನೋಡಿದಳು, ಆಗಲಿಲ್ಲ. ಟೀನಾ ನೀರಿನ ಲೋಟ ಮುಂದಿಟ್ಟಳು.

"ನಾಳೆ ಶುಕ್ರವಾರ," ಅಂದಳು ಲೋರ್ನಾ ಕಣ್ಣೊರೆಸಿಕೊಂಡು. "ಅಪ್ಪನಿಗೆ ದಿನಸಿ ತಗೊಂಡು ಹೋಗೋ ದಿನ."

"ನಾನು ಹೋಗ್ತೀನಿ," ಅಂದಳು ಟೀನಾ. "ಏನೇನು ಬೇಕು ಬರ್ಕೊಡಿ."

ಅವಳು ಬರೆದುಕೊಟ್ಟಳು. ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಳು, ಅಪ್ಪನಿಗೆ ಬರೆದು ಅಭ್ಯಾಸವಾಗಿತ್ತು.

5.40ಕ್ಕೆ ಓಸ್ಟ್‌ಬಿ ವರದಿ ಬರೆಯಲು ಕೂತ. ಎಲ್ಲ ತಾರೀಖು, ಎಲ್ಲ ಸಮಯ ತುಂಬಿದ. ಕೃತ್ಯಕ್ಕೆ ಪ್ರೇರಣೆ ಎಂಬ ಕಡೆ ಮೊದಲು "ತಂದೆಯ ಮೇಲಿನ ಪ್ರೀತಿ" ಎಂದು ಬರೆದ. ಓದಿಕೊಂಡ. ಅದು ಸುಳ್ಳಲ್ಲ, ಆದರೂ ಹೊಡೆದುಹಾಕಿದ. ಅದರ ಕೆಳಗೆ, "ತಂದೆಗೆ ಒಂದು ಮಾತು ಹೇಳಲು ಎಂಟು ವರ್ಷ ಧೈರ್ಯವಾಗಲಿಲ್ಲ" ಎಂದು ಬರೆದು ಸಹಿ ಹಾಕಿದ. ಆಮೇಲೆ ಫೋನು ಎತ್ತಿಕೊಂಡು ಕಾರ್ಲಾ ಬಿಟ್ಸ್‌ಗೆ ಯಾರು ಅಂತ ಹೇಳಿದ.