ಎರಡನೆಯ ಗುಂಡಿ

ಮುಂದಿನ ಪೀಳಿಗೆಗಾಗಿ ದಾಖಲಿಸಿಡಬೇಕಾದ ಸಂಗತಿಯೊಂದು ಆ ಮನೆಯಲ್ಲಿ ಬುಧವಾರ ಬೆಳಗ್ಗೆ ಬೆಳಕಿಗೆ ಬಂತು: ಕೋಟಿನ ಎರಡನೆಯ ಗುಂಡಿ ಕಾಣೆಯಾಗಿತ್ತು.

ಅದು ಅಂತಿಂಥ ಕೋಟಲ್ಲ. ಮೂವತ್ತೊಂದು ವರ್ಷ ಸೈನ್ಯದಲ್ಲಿ ದುಡಿದು, ಮತ್ತೆ ಹನ್ನೊಂದು ವರ್ಷ ಮನೆಮಂದಿಯ ಚಪ್ಪಲಿಗಳನ್ನು ಸಾಲಾಗಿ ನಿಲ್ಲಿಸುತ್ತ ಬದುಕಿ, ನಾಲ್ಕು ತಿಂಗಳ ಹಿಂದೆ ತೀರಿಕೊಂಡವನ ಕೋಟು. ಬ್ರೆಡ್ಡಿನಂಗಡಿಯ ಮುಂದೆಯೂ ಎದೆ ಸೆಟೆಸಿಯೇ ನಿಲ್ಲುತ್ತಿದ್ದದ್ದರಿಂದ ಬೀದಿಯವರು ಅವನಿಗೆ ‘ಅಟೆನ್ಷನ್’ ಎಂದು ಹೆಸರಿಟ್ಟಿದ್ದರು. ಆರು ಹಿತ್ತಾಳೆ ಗುಂಡಿಗಳ ಆ ಕೋಟನ್ನು ಅವನ ರೆಜಿಮೆಂಟಿನವರು ತಮ್ಮ ಮ್ಯೂಸಿಯಂನಲ್ಲಿಡಲು ಕೇಳಿದ್ದರು. ಮಗಳು ಫೋನಿನಲ್ಲೇ ಒಪ್ಪಿಬಿಟ್ಟಿದ್ದಳು. ಅವನ ಹೆಂಡತಿ ಟೈಲರಮ್ಮ ಕೂಡ ‘ಹೂಂ’ ಅಂದಿದ್ದಳು. ಆದರೆ ಆ ಹೂಂ ಮನಸ್ಸಿನಿಂದ ಬಂದದ್ದಲ್ಲ. ಬೀರುವಿನ ಬಾಗಿಲು ತೆಗೆದು, ಬಟ್ಟೆಗಳ ನಡುವಿನಿಂದ ಇಣುಕುತ್ತಿದ್ದ ಆ ಕೋಟಿನ ತೋಳನ್ನೊಮ್ಮೆ ಹಿಡಿಯದೆ ಅವಳ ದಿನ ಶುರುವಾಗುತ್ತಿರಲಿಲ್ಲ. ನಾಳೆಯಿಂದ ಏನನ್ನು ಹಿಡಿಯುವುದು?

“ಗುಂಡಿ ಎಲ್ಲಮ್ಮ ಹೋಗತ್ತೆ? ಹನ್ನೊಂದಕ್ಕೆ ಬರ್ತಾರೆ ಅವ್ರು,” ಎಂದು ಮಗಳು ಮಂಚದ ಕೆಳಗಿನಿಂದ ಕೂಗಿದಳು.

“ತಾನಾಗಿಯೇ ಬಿದ್ದಿರತ್ತೆ,” ಎಂದಳು ಟೈಲರಮ್ಮ. ಆ ಮಾತು ಅವಳದ್ದಲ್ಲ.

ಮೂವತ್ತೆಂಟು ವರ್ಷದ ಹಿಂದೆ, ಸ್ಟೇಷನ್ನಿನ ಎದುರು ಒಂದು ಮಷಿನ್ನು, ಒಂದು ಸ್ಟೂಲು ಇದ್ದ ಅವಳ ಅಂಗಡಿಗೆ ರಜೆಯ ಮೇಲೆ ಬಂದ ಸೈನಿಕನೊಬ್ಬ ನುಗ್ಗಿದ್ದ. ಮೈಮೇಲೆ ಬಿಳಿ ಶರ್ಟು, ಅಂಗೈಯಲ್ಲಿ ಅದರ ಎರಡನೆಯ ಗುಂಡಿ.

“ಬಿತ್ತು.”

“ಹೇಗೆ ಬಿತ್ತು?”

“ತಾನಾಗಿಯೇ.”

ಅವಳು ಶರ್ಟಿನ ಮೇಲೆ ಉಳಿದಿದ್ದ ದಾರವನ್ನು ನೋಡಿದಳು. ಸವೆದು ಹರಿದ ದಾರದ ತುದಿ ಕುಂಚದ ಹಾಗೆ ಬಿಚ್ಚಿಕೊಂಡಿರುತ್ತದೆ. ಇದು ಆಗಷ್ಟೇ ಕ್ಷೌರ ಮಾಡಿಸಿಕೊಂಡು ಬಂದಂತಿತ್ತು, ಅವನ ಗಲ್ಲದ ಹಾಗೆಯೇ. ಅವಳು ತುಟಿ ಬಿಗಿಹಿಡಿದು ಸೂಜಿಗೆ ದಾರ ಪೋಣಿಸಿದಳು. ಅವನು ಚಾವಣಿಯನ್ನು ಪರಿಶೀಲಿಸತೊಡಗಿದ. ದಾರ ಕಡಿಯಲು ಅವಳು ಅವನ ಎದೆಯ ಹತ್ತಿರ ಬಾಗಿದಾಗ ಅವನು ಉಸಿರಾಡುವುದನ್ನು ನಿಲ್ಲಿಸಿದ್ದ. ಕಿವಿಗಳು ಮಾತ್ರ ಕೆಂಪಾಗಿ, ಅವನ ಪರವಾಗಿ ಹೇಳಿಕೆ ಕೊಟ್ಟವು.

ಮರುದಿನ ಮೂರನೆಯ ಗುಂಡಿ. ಅದರ ಮರುದಿನ ತೋಳಿನದು.

“ನಿಮ್ಮ ಸೈನ್ಯದಲ್ಲಿ ಗುಂಡಿ ಹೊಲಿಯೋದು ಕಲಿಸಲ್ವಾ?”

“ಬಂದೂಕು ಕಲಿಸ್ತಾರೆ ಮೇಡಂ. ಸೂಜಿ ಕಂಡ್ರೆ ನಂಗೆ ಜೀವ ಹೋಗತ್ತೆ.”

“ಇನ್ನೆಷ್ಟು ದಿನ ರಜೆ?”

“ಒಂಬತ್ತು ದಿನ.”

“ಶರ್ಟಿನಲ್ಲಿ ಅಷ್ಟು ಗುಂಡಿ ಇಲ್ವಲ್ಲ.”

“ಇನ್ನೊಂದು ಶರ್ಟಿದೆ,” ಎಂದ ಅವನು ಗಂಭೀರವಾಗಿ.

ಮದುವೆಯಾದ ವಾರದಲ್ಲೇ ಅವನ ಟ್ರಂಕಿನಲ್ಲಿ ಅವಳಿಗೆ ಹೊಲಿಗೆಯ ಚೀಲವೊಂದು ಸಿಕ್ಕಿತು. ಸೂಜಿಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಒಳಗಿದ್ದ ಚೀಟಿಯ ಪ್ರಕಾರ, ಹೊಸದಾಗಿ ಸೇರಿದವರಿಗೆಲ್ಲ ಗುಂಡಿ ಹೊಲಿಯುವುದನ್ನು ಹೇಳಿಕೊಡುವುದು ಇವನದೇ ಡ್ಯೂಟಿಯಂತೆ! ಅವಳು ಚೀಲವನ್ನು ಇದ್ದಲ್ಲೇ ಇಟ್ಟು ಟ್ರಂಕು ಮುಚ್ಚಿದಳು.

ಆಟ ನಿಲ್ಲಲಿಲ್ಲ. ಎಷ್ಟು ದೂರದ ಕ್ಯಾಂಪಿನಿಂದ ಬಂದರೂ, ಬೂಟು ಬಿಚ್ಚುವ ಮೊದಲು ಅವನು ಅವಳ ಮಷಿನ್ನಿನ ಹಲಗೆಯ ಮೇಲೆ ಒಂದು ಗುಂಡಿ ಇಡುತ್ತಿದ್ದ. ಆಮೇಲೆ ಉಳಿದದ್ದು: ಮಗಳ ಶಾಲೆಯ ಬೂಟಿಗೆ ಮುಖ ಕಾಣುವಂತೆ ಪಾಲಿಶ್ ಮಾಡುವುದು, ಅವಳಿಗೆ ಜಡೆ ಹಾಕುವುದು. ಡೇರೆಯ ಹಗ್ಗ ಕಟ್ಟಿದ ಕೈಯಲ್ಲವೇ, ಆ ಜಡೆ ಎರಡು ದಿನ ಯಾರು ಜಗ್ಗಿದರೂ ಬಿಚ್ಚುತ್ತಿರಲಿಲ್ಲ. ಮಗಳಿಗೆ ಜ್ವರ ಬಂದಾಗ ಹಾಸಿಗೆಯ ಪಕ್ಕ ಕಾವಲು ನಿಂತವನನ್ನು “ಕೂತ್ಕೊಳ್ರೀ, ಜ್ವರ ನಿಮ್ಮನ್ನ ನೋಡಿ ಓಡಲ್ಲ” ಎಂದು ಗದರಿಸಬೇಕಾಗಿತ್ತು.

ನಿವೃತ್ತನಾದ ಮೇಲೆ ಅವಳು ಎಷ್ಟು ಸಲ ಕೇಳಿದ್ದಳೋ.

“ಈಗಲಾದ್ರೂ ಒಪ್ಕೊಳ್ರೀ. ಕೋರ್ಟ್ ಮಾರ್ಷಲ್ ಏನೂ ಮಾಡಲ್ಲ.”

“ಏನನ್ನ?”

“ಗುಂಡಿ.”

“ಅದು ತಾನಾಗಿಯೇ ಬೀಳ್ತಿತ್ತು ಕಣೇ.”

ಒಪ್ಪಿಕೊಳ್ಳದೆಯೇ ಹೋಗಿಬಿಟ್ಟ. ಅತ್ತು ಮುಗಿದ ಮೇಲೂ ಟೈಲರಮ್ಮನಿಗೆ ಒಳಗೊಳಗೆ ಚುಚ್ಚುತ್ತಿದ್ದದ್ದು ಅದೇ. ಇಷ್ಟು ವರ್ಷದ ಗುಟ್ಟಿಗೆ ಈಗ ತಾನೊಬ್ಬಳೇ ವಾರಸುದಾರಳು.

ಹತ್ತೂವರೆಗೇ ಬಾಗಿಲು ಬಡಿದ ಸದ್ದಾಯಿತು. ಬಂದವನು ರೆಜಿಮೆಂಟಿನ ಹಳೆಯ ಸಂಗಾತಿ. ಮೂವತ್ತು ವರ್ಷ ಅಲ್ಲಿ ತುತ್ತೂರಿ ಊದಿದವನು, ಎಲ್ಲರ ಬಾಯಲ್ಲೂ ಅವನ ಹೆಸರು ತುತ್ತೂರಿಯೇ. ಪಿಸುಮಾತಾಡಿದರೂ ಪಕ್ಕದ ಮನೆಗೆ ಕೇಳಿಸುತ್ತಿತ್ತು.

“ಅತ್ತಿಗೆ, ಅರ್ಧ ಗಂಟೆ ಮೊದಲೇ ಬಂದೆ. ಅವ್ನು ಇದ್ದಿದ್ರೆ ಲೇಟಾಯ್ತು ಅಂತಿದ್ದ.”

“ಕೂತ್ಕೊಳ್ಳಿ. ಒಂದು ಗುಂಡಿ ಹುಡುಕ್ತಿದೀವಿ.”

“ಗುಂಡಿಯಾ? ಅವ್ನ ಕೋಟಲ್ಲಾ? ಸಾಧ್ಯವೇ ಇಲ್ಲ. ಅವ್ನು ಹೊಲಿದ ಗುಂಡಿ ಕಿತ್ರೆ ಬಟ್ಟೆ ಹರಿಯತ್ತೆ, ಗುಂಡಿ ಬರಲ್ಲ.”

ಮಗಳು ಮಂಚದ ಕೆಳಗಿನಿಂದ ಮೆಲ್ಲಗೆ ತಲೆ ಹೊರಹಾಕಿದಳು. “ಅಮ್ಮ, ಹೋಗೋಕೆ ನಾಲ್ಕು ದಿನ ಮುಂಚೆ ಅಪ್ಪ ಕೋಟು ತರಿಸ್ಕೊಂಡಿದ್ರು. ನಿನ್ನ ಪುಟ್ಟ ಕತ್ತರೀನೂ ಕೇಳಿದ್ರು. ಮೀಸೆ ಕತ್ತರಿಸ್ಕೊಳ್ಳೋಕೇನೋ ಅಂದ್ಕೊಂಡೆ.”

ಟೈಲರಮ್ಮ ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದಾರದ ತುದಿ ನುಣ್ಣಗೆ ಕ್ಷೌರವಾಗಿತ್ತು.

ಮನೆಯೆಲ್ಲ ಹುಡುಕಿದ್ದರು, ಮಷಿನ್ನೊಂದನ್ನು ಬಿಟ್ಟು. ಅವನು ಹಾಸಿಗೆ ಹಿಡಿದಾಗಿನಿಂದ ಅದು ಮುಸುಕು ಹೊದ್ದು ಕೂತಿತ್ತು. ಅವಳು ಮುಸುಕು ಸರಿಸಿದಳು. ಹಲಗೆಯ ಮೇಲೆ, ಅವನು ಯಾವಾಗಲೂ ಇಡುತ್ತಿದ್ದ ಜಾಗದಲ್ಲೇ, ಕಾಗದದ ಪುಟ್ಟ ಪೊಟ್ಟಣ. ಬಿಚ್ಚಿದರೆ ಹಿತ್ತಾಳೆ ಗುಂಡಿ. ಕಾಗದದ ಮೇಲೆ ನಡುಗುವ ಅಕ್ಷರ. ರಿಪೋರ್ಟಿನ ಶಿಸ್ತು ಮಾತ್ರ ನಡುಗಿರಲಿಲ್ಲ:

‘ವಿಷಯ: ಗುಂಡಿ. ತಾನಾಗಿಯೇ ಬಿದ್ದದ್ದಲ್ಲ. ಹಿಂದಿನವು ಯಾವುವೂ ಅಲ್ಲ.’

ಕೆಳಗೆ ಸಹಿ, ತಾರೀಖು.

ಅವಳು ಅತ್ತಳೋ ನಕ್ಕಳೋ ಮಗಳಿಗೆ ತಿಳಿಯಲಿಲ್ಲ. ಹೆಗಲು ಅಲುಗುತ್ತಿದ್ದದ್ದಷ್ಟೇ ಕಂಡಿತು. ತುತ್ತೂರಿ ಮೊದಲ ಬಾರಿಗೆ ಸದ್ದಿಲ್ಲದೆ ಮೂಗು ಒರೆಸಿಕೊಂಡ.

ಕಾಗದವನ್ನು ರವಿಕೆಯೊಳಗೆ ಸೇರಿಸಿ ಅವಳು ಸೂಜಿ ಹಿಡಿದಳು.

“ಅಲ್ಲಿ ಈ ಕೋಟನ್ನ ಸುಮ್ನೆ ನೇತು ಹಾಕ್ತಾರಾ?” ಎಂದು ಕೇಳಿದಳು, ತಲೆಯೆತ್ತದೆ.

“ಎಲ್ಲಾದ್ರೂ ಉಂಟಾ ಅತ್ತಿಗೆ? ವಾರ ವಾರ ಬ್ರಷ್ ಹಾಕ್ಬೇಕು, ಗುಂಡಿ ತಿಕ್ಕಿ ಹೊಳಪು ಮಾಡ್ಬೇಕು. ನನ್ನದೇ ಉಸ್ತುವಾರಿ.”

“ಜೋರಾಗಿ ತಿಕ್ತೀರಾ?”

“ನನ್ನ ಕೈ ನೋಡಿದ್ದೀರಲ್ಲ.”

“ಗುಂಡಿ ಕಿತ್ತು ಬಂದ್ರೆ?”

“ನಿಮ್ಮ ಹತ್ರಾನೇ ತರ್ತೀನಿ. ಇನ್ಯಾರು ಹೊಲಿತಾರೆ ಅದನ್ನ?”

ಟೈಲರಮ್ಮ ತಲೆಯಾಡಿಸಿದಳು. ಹಿತ್ತಾಳೆ ಗುಂಡಿಗೆ ಜೋಡಿ ದಾರ ಬೇಕು, ನಾಲ್ಕು ಸುತ್ತು, ಕೊನೆಗೆ ಗಂಟು. ಕಣ್ಣು ಮುಚ್ಚಿಕೊಂಡೂ ಹೊಲಿಯಬಲ್ಲಳು. ಆದರೆ ಅವನೆಂದೂ ಕಂಡುಹಿಡಿಯದ ಗುಟ್ಟೊಂದು ಅವಳ ಬಳಿಯೂ ಇತ್ತು. ಮೊದಲ ದಿನದ ಆ ಬಿಳಿ ಶರ್ಟಿನಿಂದ ಹಿಡಿದು ಅವನ ಒಂದು ಗುಂಡಿಯನ್ನೂ ಅವಳು ಹಾಗೆ ಹೊಲಿದಿರಲಿಲ್ಲ. ಒಂಟಿ ದಾರ, ಎರಡೇ ಸುತ್ತು. ವಾರ ಕಾದಿದ್ದರೆ ತಾನಾಗಿಯೇ ಬೀಳುತ್ತಿದ್ದವು. ಆತುರಗಾರನಿಗೆ ಅಷ್ಟು ತಾಳ್ಮೆ ಎಲ್ಲಿತ್ತು?

“ಅಮ್ಮ, ಒಂಟಿ ದಾರ ಸಾಕಾಗತ್ತಾ?” ಎಂದಳು ಮಗಳು.

“ಸಾಕು. ನಂಗೊತ್ತು ನನ್ನ ಕೆಲಸ.”

ಎರಡು ಸುತ್ತು ಹಾಕಿ, ಕೋಟಿನ ಎದೆಯ ಹತ್ತಿರ ಬಾಗಿ ದಾರ ಕಡಿದಳು. ಸ್ವಲ್ಪ ಹೊತ್ತು ಹಾಗೇ ಇದ್ದಳು.

ಕೋಟು ಆರೂ ಗುಂಡಿಗಳೊಂದಿಗೆ ಹನ್ನೊಂದಕ್ಕೆ ಹೊರಟಿತು. ಏಳು ವಾರದ ಮೇಲೆ ಹೊಲಿಗೆಗೆಂದು ಮನೆಗೆ ಬಂತು.