ಬಗ್ಗಿದ ಬೆನ್ನಿನ ಹಾಡು

ಏಳನೇ ತರಗತಿಯಲ್ಲಿದ್ದಾಗ ಸಂಘಮಿತ್ರಾ ತನ್ನ ತಾಯಿ ಗೋಪಮ್ಮನಿಗೆ ಒಂದು ಮಾತು ಕೊಟ್ಟಿದ್ದಳು. ಮಾನ್ವಿ ಹತ್ತಿರದ ಗದ್ದೆಯಲ್ಲಿ ನೆಲ್ಲು ಹಚ್ಚುವ ನಾಟಿ ಕೂಲಿ ಮುಗಿಸಿ ಕಾಲುವೆಯಲ್ಲಿ ಕಾಲು ತೊಳೆಯುತ್ತಿದ್ದ ತಾಯಿಗೆ, "ಯವ್ವಾ, ನಿನ್ನ ಮ್ಯಾಲ ಒಂದು ಹಾಡು ಕಟ್ಟತೀನಿ. ದೊಡ್ಡ ವೇದಿಕಿ ಮ್ಯಾಲ ಹಾಡತೀನಿ. ನನ್ನಕಿಂತ ಮೊದಲು ಅದನ್ನ ಯಾರೂ ಹಾಡಂಗಿಲ್ಲ," ಎಂದಿದ್ದಳು.

ಇದನ್ನು ಅವಳು ನಮಗೆ ಹೇಳಿದ್ದು ಹೋದ ಡಿಸೆಂಬರಿನ ಒಂದು ಶುಕ್ರವಾರ, ರಾಯಚೂರಿನಲ್ಲಿ, ಚಂದ್ರಕಲಾ ಅಕ್ಕನ ಪಡಸಾಲೆಯಲ್ಲಿ. ಕುರ್ಚಿ ಕೊಟ್ಟರೂ ಕೂರದೆ ಅತ್ತಿಂದಿತ್ತ ಓಡಾಡುತ್ತಿದ್ದಳು. ಅಕ್ಕ ಪೊಲೀಸ್ ವೈರ್‌ಲೆಸ್ ವಿಭಾಗದಿಂದ ನಿವೃತ್ತರಾದವರು. ಜೀವಮಾನವೆಲ್ಲ ಮುಖ ಕಾಣದ ದನಿಗಳನ್ನು ಕೇಳಿದ ಕಿವಿ ಅವರದು. ಈಗ ಊರವರ ತೊಡಕು ಬಿಡಿಸುತ್ತಿದ್ದರು. ಕೆಳಗಿನ ಮನೆಯ ಬಾಡಿಗೆದಾರನಾದ ನಾನು ಅವರ ಗಾಡಿ ಓಡಿಸುವವನು. ಮಕ್ಕಳನ್ನು ಶಾಲೆಗೆ ಬಿಟ್ಟು ಆಗಷ್ಟೇ ಬಂದಿದ್ದೆ.

"ನನ್ನ ಹಾಡು ಕದ್ದಾರ್ರೀ," ಎಂದು ಸಂಘಮಿತ್ರಾ ಫೋನು ಮುಂದೆ ಹಿಡಿದಳು.

ಯಾರದೋ ಹೆಣ್ಣು ದನಿ. ತೆರೆಯ ಮೇಲೆ ಬಿಡಿಸಿದ ಚಿತ್ರ: ಕೋಲೂರಿದ ಮುದುಕಿ, ಪಕ್ಕದಲ್ಲಿ ಮೊಮ್ಮಗು. ಕೆಳಗೆ 'ಅಜ್ಜಿಗೊಂದು ಹಾಡು' ಎಂಬ ಹೆಸರು. ಹಾಡಿದವರು, ಬರೆದವರು, ವಿಡಿಯೋ ಹಾಕಿದವರು ಯಾರೆಂದು ಇರಲಿಲ್ಲ.

"ಅವ್ವಾ, ಬಗ್ಗಿದ ನಿನ್ನ ಬೆನ್ನ ಮ್ಯಾಲ
ಬಿಸಿಲು ಕುಂತಾದ..."

"ರವಿವಾರ ನನ್ನ ಮೊದಲ ಕಾರ್ಯಕ್ರಮ. ಸಂಘಟಕರು ಕನಕಪ್ಪನವರು ಇದನ್ನ ನೋಡಿ, ಕದ್ದ ಹಾಡು ನಮ್ಮ ವೇದಿಕಿಗೆ ಬ್ಯಾಡ ಅಂತಾರ. ಕದ್ದಾಕಿ ನಾನಂತ್ರೀ, ನಾನು!"

"ಇದು ಯಾರ್‍ಯಾರ ಕಿವಿಗೆ ಬಿದ್ದಿತ್ತು?" ಅಕ್ಕ ಕೇಳಿದರು.

"ತಾಲೀಮಿನವರು ಮೂರೇ ಮಂದಿ. ನನ್ನ ಹಿಂದ ದನಿ ಕೂಡಿಸೂ ಬಡೇಬೀ, ಡೋಲಕ್ ಹುಲಿಗೇಶ, ಕೀಬೋರ್ಡ್ ನಾಗೇಶ."

"ಅವರಿಗೆ ಏನಂತ ಹೇಳಿದ್ದಿ?"

"ಅವ್ವನ ಹಾಡು ಅಂತ. ಅಷ್ಟ."

"ನಿಮ್ಮವ್ವನ್ನ ನೋಡ್ಯಾರೇನು?"

"ಬಡೇಬೀ ನಮ್ಮನ್ಯಾಗ ಉಂಡು ಹೋಗ್ಯಾಳ. ಉಳಿದವರು ನೋಡಿಲ್ಲ."

ನನ್ನ ಅನುಮಾನ ಬಡೇಬೀ ಮೇಲೆಯೇ. ಅದೇ ವೇದಿಕೆಗೆ ಅವಳೂ ಅರ್ಜಿ ಹಾಕಿದ್ದಳು, ಸಿಕ್ಕಿರಲಿಲ್ಲ. ರಾಯಚೂರಿನಲ್ಲೇ ಅವಳ ಮನೆ. ಕೇಳಿದ್ದೇ ತಡ, ಸಿಡಿದಳು.

"ನಾ ಕದಿಯೂದಾಗಿದ್ರ ಇಂಥ ಅಂಜುಬುರುಕ ದನಿಲೇ ಹಾಡಸ್ತಿದ್ನೇನ್ರೀ? ನಾನೇ ಹಾಡತಿದ್ದೆ!"

ಅಲ್ಲಿಂದ ದೇವದುರ್ಗಕ್ಕೆ ಹೋದೆವು. ಹುಲಿಗೇಶ ಬಾಗಿಲಲ್ಲೇ ಕೈಮುಗಿದ. "ಅವ್ವ ಹತ್ತಿ ಬಿಡಸಾಕ ಹೋಗ್ಯಾಳ್ರೀ, ಚಾ ಇಲ್ಲ. ನಾ ಮಾಡಿದ್ದು ನೀವು ಕುಡಿಯಂಗಿಲ್ಲ." ಹಾಡಿನ ಸುದ್ದಿ ಎತ್ತಿದಾಗ, ತನಗೆ ಫೋನಿನಲ್ಲಿ ವಿಡಿಯೋ ಹಾಕಲು ಬರುವುದೇ ಇಲ್ಲ ಎಂದ.

ನಾಗೇಶನ ಊರು ತೆಲುಗು ಸೀಮೆಯ ಗಡಿ ಕಡೆಯ ಗಿಲ್ಲೆಸುಗೂರು. ಅಷ್ಟೊತ್ತಿಗೆ ನನಗೆ ಮಕ್ಕಳ ಶಾಲೆ ಬಿಡುವ ಚಿಂತೆ ಹತ್ತಿತ್ತು.

"ಬರ್ರಿ, ಅಮ್ಮ ಚಾ ಮಾಡಾಕತ್ತಾಳ. ಸಣ್ಣಗ ಮಾತಾಡ್ರಿ, ಒಳಗ ಅವ್ವ ಮಲಗ್ಯಾಳ. ವಯಸ್ಸಾಗ್ಯಾದ, ನಿದ್ದಿ ಹತ್ತೂದ ಕಡಿಮಿ," ಎಂದ ನಾಗೇಶ. ಅವನ ತಂಗಿ ದುರ್ಗಾ ಚಹಾ ತಂದಿಟ್ಟಳು. ಅಕ್ಕ ಹೆಸರು ಕೇಳಿದರೂ ಉತ್ತರಿಸದೆ ನಕ್ಕು ಒಳಗೆ ಹೋದಳು. ಅಣ್ಣನೇ ಅವಳ ಹೆಸರು ಹೇಳಿದ.

ಬರುವಾಗ ನಾನು, "ಏನೂ ಸಿಗಲಿಲ್ಲಲ್ಲರೀ ಅಕ್ಕಾ," ಎಂದೆ.

"ಚಾ ಸಿಕ್ತಲ್ಲೋ ಗುರುಸಿದ್ದ," ಎಂದರು.

ಮರುದಿನ ಅಕ್ಕ ಕರೆಸಿದಂತೆ ಎಲ್ಲರೂ ತಾಲೀಮಿನ ಕೋಣೆಯಲ್ಲಿ ಸೇರಿದರು. ಕನಕಪ್ಪನವರು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದರು. ಮಾನ್ವಿ ಬಸ್ಸಿನಿಂದ ಇಳಿದು ಬಂದ ಗೋಪಮ್ಮ ಮೂಲೆಯಲ್ಲಿ ಕೂತಿದ್ದಳು. ಅವಳು ಯಾರೆಂದು ಅಕ್ಕ ಹೇಳಲಿಲ್ಲ, ಬಡೇಬೀಗೂ ಸುಮ್ಮನಿರಲು ಕಣ್ಸನ್ನೆ ಮಾಡಿದರು.

"ಹುಲಿಗೇಶ, ಹಾಡಿನಾಗ ಬೆನ್ನು ಯಾಕ ಬಗ್ಗ್ಯಾದಪ್ಪ?"

"ಹೊಲದಾಗ ಕೆಲಸ ಅಂದ್ರ ಬಗ್ಗೂದ ಅಲ್ರೀ?"

"ನಾಗೇಶ, ನೀ ಹೇಳು."

"ವಯಸ್ಸಾದ ಜೀವ ಅಲ್ರೀ, ಮತ್ತ ಬಗ್ಗಲಾರದ ಇರತದೇನು?"

ಗೋಪಮ್ಮ ತಟ್ಟನೆ ಎದ್ದಳು. "ಯಾರಿಗೋ ವಯಸ್ಸಾಗಿದ್ದು? ಆ ಹಾಡಿನ ಅವ್ವ ನಾನು. ನಲವತ್ತು ಈಗ ದಾಟೀನಿ. ನೆಲ್ಲು ಹಚ್ಚೂವಾಗ ನಿಮ್ಮ ಮಂದಿ ನೆಟ್ಟಗ ನಿಂತು ಹಚ್ಚತಾರೇನು?"

ಎಲ್ಲರೂ ನಕ್ಕರು, ನಾಗೇಶನೊಬ್ಬನನ್ನು ಬಿಟ್ಟು.

ಅಕ್ಕ ಬಿಡಿಸಿ ಹೇಳಿದರು. "ಆ ವಿಡಿಯೋದಾಗ ಮುದುಕಿ ಯಾಕ ಬಂದ್ಲು? ಹಾಡಿನಾಗ ಅಜ್ಜಿ ಅನ್ನೂ ಮಾತ ಇಲ್ಲ. ಅಂದ್ರ ಕದ್ದವರ ಮನ್ಯಾಗ ಅವ್ವ ಅಂದ್ರ ಅಜ್ಜಿ. ಬಡೇಬೀಗೆ ಗೋಪಮ್ಮನ ಗುರುತದ, ಆಕಿ ಇಂಥ ಮುದುಕಿನ್ನ ತೋರಸಂಗಿಲ್ಲ. ಹುಲಿಗೇಶನ ಅವ್ವ ಹತ್ತಿ ಬಿಡಸಾಕ ಹೋಗಿದ್ಲು, ಆಕಿ ತಾಯಿ. ನಾಗೇಶನ ಮನ್ಯಾಗ ಚಾ ಮಾಡಿದಾಕಿ ಅಮ್ಮ, ಒಳಗ ಮಲಗಿದ ವಯಸ್ಸಾದಾಕಿ ಅವ್ವ. ಅವರ ಮನಿ ಮಾತು ತೆಲುಗು, ತೆಲುಗಿನಾಗ ಅವ್ವ ಅಂದ್ರ ಅಜ್ಜಿ. ನಮ್ಮ ಅತ್ತಿ ಮನ್ಯಾಗೂ ಹಂಗ. ಮದುವ್ಯಾದ ಹೊಸದಾಗ, ಅವ್ವ ಕರ್‍ಯಾಕತ್ತಾಳ ಅಂದ್ರ ನಾ ಅತ್ತಿ ಕಡಿ ಓಡತಿದ್ದೆ. ಕರದಾಕಿ ನೋಡಿದ್ರ ಅತ್ತಿಯ ಅತ್ತಿ! ಊರಾಗ ಅವ್ವ ಅಂದ್ರ ತಾಯಿ ಅಂತ ನಾಗೇಶಗೂ ಗೊತ್ತದ. ಆದ್ರ ಬಗ್ಗಿದ ಬೆನ್ನು ಅಂದಕೂಡಲೇ ಅವನ ಕಣ್ಣ ಮುಂದ ಬಂದಾಕಿ ಅವನ ಅವ್ವ. ಇನ್ನ ದುರ್ಗಾ. ಹೆಸರು ಹೇಳಾಕ ಸುದ್ದಾ ಬಾಯಿ ಬಿಡಲಿಲ್ಲ, ದನಿ ಗುರುತು ಹತ್ತತದಂತ. ಹೌದಿಲ್ಲೋ?"

ನಾಗೇಶ ತಲೆ ತಗ್ಗಿಸಿದ. "ರಾಗದಾಗ ಅರ್ಧ ನಾ ಕೂಡಿಸಿದ್ದು, ಹೆಸರು ಮಾತ್ರ ಆಕಿದೊಂದ. ನನ್ನ ತಂಗಿಗೂ ದನಿ ಅದ. ಆಕಿನ್ನ ಯಾರು ಕರೀತಾರ?"

"ನಾ ಕರೀತಿದ್ನಲ್ಲೋ!" ಸಂಘಮಿತ್ರಾಳ ದನಿ ಒಡೆಯಿತು. "ಇನ್ನೊಬ್ಬಾಕಿ ಹಿಂದಿನ ದನಿಗೆ ಬೇಕಂತ ನಿನ್ನ ಮುಂದ ಹೇಳಲಿಲ್ಲೇನು? ಆವಾಗ ಬಾಯಿಗೆ ಏನಾಗಿತ್ತು?"

ಅವನು ಅಲ್ಲೇ ವಿಡಿಯೋ ತೆಗೆದುಹಾಕಿದ. ಕನಕಪ್ಪನವರು, "ತಪ್ಪಾತವ್ವಾ, ನಾಳಿ ಬಂದು ಹಾಡು," ಎಂದರು.

ರವಿವಾರ ಸಂಘಮಿತ್ರಾ ಹಾಡಿದಳು. ಗೋಪಮ್ಮ ಮುಂದಿನ ಸಾಲಿನಲ್ಲಿದ್ದಳು. ಎರಡನೇ ಚರಣಕ್ಕೆ ಹಿಂದೆ ನಿಂತ ಕಾಲೇಜು ಹುಡುಗಿಯರು ದನಿ ಕೂಡಿಸಿದರು. ಅವರಿಗೆ ಹಾಡು ಬಾಯಿಪಾಠವಾಗಿತ್ತು, ದುರ್ಗಾ ಹಾಡಿದ ಧಾಟಿಯಲ್ಲಿ.

ತಾಯಿಗೆ ಕೊಟ್ಟ ಮಾತು ಉಳಿಯಲಿಲ್ಲ.